ನಾದಿನಿಯ ರಕ್ತ

ಗಾಜುವಾಕದ ಬ್ಯಾಂಕಿನಲ್ಲಿರುವ ನನ್ನ ಗಂಡ ಭರತೇಶರ ತೋಳಿನ ನೀಲಿ ಕಲೆಗಳನ್ನು ಮೊದಲು ಕಂಡವಳು ನಾನು. ಅವರ ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿದೆ ಎಂದರು ಡಾಕ್ಟರು. ಅವರ ತಂಗಿ ಶ್ರೀರಕ್ಷಾಳ ಮಜ್ಜೆ ಅವರಿಗೆ ಹೊಂದಿತು. ಅವಳು ವಿಜಯವಾಡದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಮಲಗಿ, ಕೊಡುವುದನ್ನು ಕೊಟ್ಟು ಹಾಸನಕ್ಕೆ ಹೋದಳು. ನೆಂಟರ ಬಾಯಲ್ಲಿ ಅವಳೇ ದೇವತೆ. ಅವರಿಗೆ ಸೋಂಕು ತಗಲದಂತೆ ನೂರು ದಿನ ನೀರು ಕುದಿಸಿ, ಮಾಸ್ಕ್ ಹಾಕಿಕೊಂಡು ಬಡಿಸಿದವಳು ನಾನು.

ಇವತ್ತು ರಿಪೋರ್ಟ್ ಬಂತು. ನನ್ನಂತೆ ಓ ಪಾಸಿಟಿವ್ ಆಗಿದ್ದ ಅವರ ರಕ್ತ, ಅವಳ ಮಜ್ಜೆಯಿಂದಾಗಿ, ಈಗ ಅವಳಂತೆ ಬಿ ಪಾಸಿಟಿವ್.

"ಇನ್ಮೇಲೆ ನಂದೂ ರಕ್ಷಾದೂ ಒಂದೇ ರಕ್ತ ಕಣೇ," ಎಂದು ನಕ್ಕರು.

ಊಟಕ್ಕೆ ಬಡಿಸುವಾಗ ಅಭ್ಯಾಸದಂತೆ ಅವರ ತೋಳು ನೋಡಿದೆ. ಒಂದು ಕಲೆಯೂ ಇರಲಿಲ್ಲ. ನನಗೆ ನಿರಾಸೆಯಾಯಿತು.