ಒಂದು ಬೆರಳಿನ ಸಂದು

ಕುಲುಮೆಯ ಮುಚ್ಚಳಕ್ಕೆ ಇಟ್ಟ ಕೈಯನ್ನು ಕನ್ನಡಿಯಣ್ಣ ಮತ್ತೆ ಹಿಂದಕ್ಕೆಳೆದುಕೊಂಡ. ಹಿಡಿಯೇನೂ ಸುಡುತ್ತಿರಲಿಲ್ಲ, ಬೆಚ್ಚಗಿತ್ತು ಅಷ್ಟೆ. ಅಂಗಡಿಯ ಮುಂದೆ ಯಾರೋ ಕೆಮ್ಮಿದಂತಾಯಿತೆಂದು ಹೋಗಿ ನೋಡಿದ. ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿದ್ದ ಕನ್ನಡಿಗಳಲ್ಲೆಲ್ಲ ಅವನೇ ನಿಂತಿದ್ದ. ಒಂದರಲ್ಲಿ ತಲೆಯಿಲ್ಲ, ಇನ್ನೊಂದರಲ್ಲಿ ಬರೀ ಹೊಟ್ಟೆ. ಮೇಜಿನ ಮೇಲಿದ್ದ ಗಾಜಿನ ಚೂರುಗಳನ್ನು ಗುಡಿಸಿದ. ಗುಡಿಸಿದ ಜಾಗವನ್ನೇ ಇನ್ನೊಮ್ಮೆ ಗುಡಿಸಿದ. ಆಮೇಲೆ ಕಾಲು ತಾನಾಗಿಯೇ ಹಿಂದಿನ ಕೋಣೆಗೆ ನಡೆಯಿತು.

ಕುಲುಮೆ ಎಂದರೆ ಅಲ್ಲಿ ಇದ್ದಿಲೂ ಇಲ್ಲ, ಹೊಗೆಯೂ ಇಲ್ಲ. ಮಂಚದಷ್ಟು ಅಗಲದ, ಸೊಂಟದೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ. ಒಳಗೆ ಬಿಳಿ ಇಟ್ಟಿಗೆ, ಮುಚ್ಚಳದ ಒಳಮೈಗೆ ಸುರುಳಿ ತಂತಿ, ಪಕ್ಕದಲ್ಲಿ ಒಳಗಿನ ಬಿಸಿಯನ್ನು ಕೆಂಪು ಅಂಕಿಯಲ್ಲಿ ತೋರಿಸುವ ಪುಟ್ಟ ಡಬ್ಬಿ. ಕರೆಂಟಿನಲ್ಲಿ ಕಾಯುತ್ತದೆ. ಬಣ್ಣಬಣ್ಣದ ಗಾಜಿನ ತುಂಡುಗಳನ್ನು ಒಳಗೆ ಜೋಡಿಸಿಟ್ಟರೆ ಕರಗಿ, ಒಂದಕ್ಕೊಂದು ಕೂಡಿ, ಒಂದೇ ಹಲಗೆಯಾಗುತ್ತವೆ. ಕರಗಿಸುವುದು ದೊಡ್ಡದಲ್ಲ, ತಣಿಸುವುದೇ ಕಷ್ಟ ಎಂದು ಹೆಂಡತಿ ಸಾವಿರ ಸಲ ಹೇಳಿದ್ದಳು. ದಪ್ಪ ಗಾಜಿನ ಮೈ ತಣಿದರೂ ಹೊಟ್ಟೆ ತಣಿದಿರುವುದಿಲ್ಲ. ಒಳಗೂ ಹೊರಗೂ ಒಂದೇ ಹದಕ್ಕೆ ಬರುವ ತನಕ ಮುಚ್ಚಳ ಮುಟ್ಟಕೂಡದು.

ಅವಳ ತಂಗಿಗೆ ಆಪರೇಷನ್ ಆಗಿತ್ತು. ಜೊತೆಗಿರುವವರು ಯಾರೂ ಇಲ್ಲವೆಂದು ಫೋನು ಬಂದಾಗ ಕುಲುಮೆ ಆಗಲೇ ತಣಿಯತೊಡಗಿತ್ತು. ಬಸ್ಸು ಹತ್ತುವಾಗಲೂ ಅವಳ ಮಾತು ತಂಗಿಯದಲ್ಲ, ಗಾಜಿನದೇ. "ನಾಳೆ ಬಂದು ನಾನೇ ತೆಗೀತೀನಿ ರೀ. ಅಂಕಿ ಎಷ್ಟಾದ್ರೂ ತೋರಿಸ್ಲಿ, ನೀವು ಆ ಕಡೆ ಹೋಗ್ಬೇಡಿ."

ಹೋಗಬೇಡಿ ಎಂದ ಕಡೆಗೇ ಬೆಳಗಿನಿಂದ ಅವನ ಓಡಾಟ.

ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿ ಕತ್ತರಿಸುವುದು, ಫೋಟೋಗೆ ಚೌಕಟ್ಟು ಹಾಕುವುದು ಅವನಿಗೆ ಅಪ್ಪನಿಂದ ಬಂದ ಕಸುಬು. ಹೆಂಡತಿ ಮೊದಮೊದಲು ಅವನು ಬಿಸಾಡಿದ ಗಾಜಿನ ಅಂಚುಗಳನ್ನೇ ಆಯ್ದುಕೊಂಡು, ಯಾರೋ ಮಾರಿದ ಹಳೆಯ ಪುಟ್ಟ ಕುಲುಮೆಯಲ್ಲಿ ಕರಗಿಸಿ, ಸೊಟ್ಟಸೊಟ್ಟ ತಟ್ಟೆಗಳನ್ನು ಮಾಡುತ್ತಿದ್ದಳು. ಅವನಿಗೆ ನಗು. ಇದೊಂದು ಹುಚ್ಚು, ಬಿಟ್ಟುಹೋಗುತ್ತದೆ ಅಂದುಕೊಂಡಿದ್ದ. ಬಿಡಲಿಲ್ಲ. ಬಣ್ಣದ ಹಾಳೆಗಳು ಬಂದವು, ಸಕ್ಕರೆಯಂಥ ಗಾಜಿನ ಪುಡಿ ಬಂತು, ನೂಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳು ಬಂದವು. ಎಲ್ಲ ಗಾಜೂ ಎಲ್ಲ ಗಾಜಿನ ಜೊತೆ ಹೊಂದುವುದಿಲ್ಲ, ಹಿಗ್ಗುವುದು ಕುಗ್ಗುವುದು ಬೇರೆಬೇರೆಯಾದರೆ ಕೂಡಿದ್ದೂ ಸೀಳಿಹೋಗುತ್ತದೆ ಎಂಬುದನ್ನು ಅವಳು ಒಡೆದು ಒಡೆದೇ ಕಲಿತಳು. ಗಾಜು ಅಂಟದಿರಲೆಂದು ತಳದ ಹಲಗೆಗೆ ಬಿಳಿ ಪುಡಿ ಕಲಸಿ ಬಳಿಯುವಾಗ ಅವಳ ಮೂಗಿನ ಮೇಲೂ ಒಂದಿಷ್ಟು ಬಿಳಿ ಇರುತ್ತಿತ್ತು. ಕತ್ತರಿಸುವುದು ಮಾತ್ರ ಅವನ ಕೆಲಸವಾಗಿ ಉಳಿಯಿತು. ಅವಳು ಗೆರೆ ಎಳೆದು ಕೊಟ್ಟರೆ, ಎಂಥ ಬಳುಕನ್ನೂ ಕೊಯ್ದು ಇಕ್ಕಳದಲ್ಲಿ ಬಿಡಿಸಿ ಕೊಡುತ್ತಿದ್ದ.

ಹೀಗಿರುವಾಗ ಕಣ್ಣಿನ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಎಲ್ಲೋ ಒಂದು ಪ್ರದರ್ಶನದಲ್ಲಿ ಅವಳು ಮಾಡಿದ ಬಟ್ಟಲನ್ನು ನೋಡಿದರು. ಕಣ್ಣಿನ ಪಟ್ಟಿ ಬಿಚ್ಚುವ ಕೋಣೆಯ ಕಿಟಕಿಗೆ ಒಂದು ದೊಡ್ಡ ಗಾಜು ಮಾಡಿಕೊಡಿ, ಪಟ್ಟಿ ಬಿಚ್ಚಿದವರಿಗೆ ಮೊದಲು ಕಾಣುವುದು ನಮ್ಮ ಸುಣ್ಣದ ಗೋಡೆ ಆಗಬಾರದು ಎಂದು ಹೇಳಿಕಳಿಸಿದರು. ಈಗ ಕುಲುಮೆಯಲ್ಲಿ ತಣಿಯುತ್ತಿದ್ದದ್ದು ಆ ಗಾಜೇ. ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಅಚ್ಚಾಗಿ ಬಂದ ಫೋಟೋದಲ್ಲಿ ಹೆಂಡತಿ ನಗುತ್ತಿದ್ದಳು, ಅಂಚಿನಲ್ಲಿ ಅವನ ಮೊಣಕೈ ಇತ್ತು. ಅದು ತನ್ನದೆಂದು ಅವನಿಗೆ ಗೊತ್ತಾದದ್ದು ಅಂಗಿಯ ಗೀಟಿನಿಂದ. ಪಕ್ಕದ ಅಂಗಡಿಯ ಟೈಲರ್ ಇವತ್ತು ಬೆಳಿಗ್ಗೆ ಯಾರೋ ಗಿರಾಕಿಯನ್ನು ಕರೆತಂದವನು, "ಇವರೇ ನೋಡಿ, ಗಾಜಿನ ಅಮ್ಮನ ಯಜಮಾನ್ರು" ಎಂದು ಪರಿಚಯಿಸಿದ್ದ. ಟೈಲರನ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಕ್ಕು ಬಿಡಬಹುದಿತ್ತು.

ಅಂಕಿ ಇನ್ನೂರೆಪ್ಪತ್ತು ತೋರಿಸುತ್ತಿತ್ತು. ಎಂಟುನೂರು ದಾಟಿ ಇಳಿದುಬಂದದ್ದಕ್ಕೆ ಇದೇನು ಮಹಾ ಎನ್ನಿಸಿತು. ನೋಡುವುದಷ್ಟೆ, ಒಂದು ಬೆರಳಿನಷ್ಟು. ತಾನು ಕೊಯ್ದ ತುಂಡುಗಳನ್ನು ತಾನು ನೋಡಿದರೆ ತಪ್ಪೇನು. ಇದಿಷ್ಟನ್ನೂ ಯಾರಿಗೋ ಉತ್ತರ ಹೇಳುವವನಂತೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಹಿಡಿಗೆ ಬಟ್ಟೆ ಸುತ್ತಿ ಮುಚ್ಚಳ ಎತ್ತಿದ.

ಮುಖಕ್ಕೆ ಬಿಸಿ ರಾಚಿತು. ಸಂದಿನಲ್ಲಿ ಕಣ್ಣಿಟ್ಟ. ಒಂದು ಮೂಲೆಯಲ್ಲಿ ಕಡುನೀಲಿ. ಅದು ನಡುವಿಗೆ ಬರುತ್ತ ಬರುತ್ತ ತೆಳುವಾಗಿ, ಬೂದಿಯಾಗಿ, ಇನ್ನೇನು ಬೆಳಗಾಗುತ್ತದೆ ಎನ್ನುವ ಹೊತ್ತಿನ ಬಣ್ಣವಾಗಿತ್ತು. ಆಚೆ ಕೆಂಪು ಇರಬೇಕಾದ ಕಡೆ ಬಿಸಿಗೆ ಇನ್ನೂ ಕಪ್ಪುಕಪ್ಪಾಗಿತ್ತು. ತಾನು ಕೊಯ್ದ ಒಂದು ತುಂಡಿನ ಅಂಚೂ ಅವನಿಗೆ ಸಿಗಲಿಲ್ಲ. ಎಲ್ಲ ಒಂದಾಗಿ ಹೋಗಿತ್ತು. ಕೆಂಪನ್ನು ಸರಿಯಾಗಿ ನೋಡೋಣವೆಂದು ಇನ್ನಷ್ಟು ಎತ್ತಿದ.

ಟಣ್ ಎಂದಿತು. ಸಣ್ಣ ಸದ್ದು, ಲೋಟಕ್ಕೆ ಚಮಚ ತಾಗಿದಂಥದು. ಮುಚ್ಚಳ ಇಳಿಸಿದ. ಇಳಿಸಿದ ಮೇಲೂ ಬಟ್ಟೆ ಸುತ್ತಿದ ಹಿಡಿಯನ್ನು ಬಿಡದೆ ಬಹಳ ಹೊತ್ತು ಹಾಗೇ ನಿಂತಿದ್ದ, ಒತ್ತಿ ಹಿಡಿದರೆ ಏನಾದರೂ ಉಳಿದೀತು ಎನ್ನುವ ಹಾಗೆ.

ಮರುದಿನ ಹೆಂಡತಿ ಚಪ್ಪಲಿ ಬಿಟ್ಟವಳೇ ಹಿಂದಿನ ಕೋಣೆಗೆ ಹೋದಳು. ಅವನು ಗಿರಾಕಿಯೊಬ್ಬನ ಕಿಟಕಿಯ ಅಳತೆಯನ್ನು ಎರಡೆರಡು ಸಲ ಕೇಳುತ್ತ ಮುಂದೆಯೇ ಉಳಿದ. ಒಳಗಿನಿಂದ ಕೂಗು ಬರುತ್ತದೆಂದು ಕಾದ. ಬರಲಿಲ್ಲ. ಕೊನೆಗೆ ತಡೆಯಲಾರದೆ ಹೋದಾಗ ಅವಳು ಕುಲುಮೆಯ ಮೇಲೆ ಬಾಗಿ ನಿಂತಿದ್ದಳು. ಬಿರುಕು ಒಂದು ಅಂಚಿನಿಂದ ಹೊರಟು, ನಡುವೆ ಬಳುಕಿ, ನೀಲಿಯ ಮೂಲೆಯವರೆಗೂ ಓಡಿತ್ತು. "ಅಯ್ಯೋ, ಹೇಗಾಯ್ತು ಇದು?" ಎಂದ. ಮಾತು ಬಾಯಿಂದ ಜಾರಿದ ಮೇಲೆ ಅದು ಎಂಥ ಮಾತೆಂದು ಅವನಿಗೆ ತಿಳಿಯಿತು. ಅವಳು ಬೆರಳಿನಿಂದ ಬಿರುಕಿನ ಅಂಚು ಸವರಿ ನೋಡಿ, ಕರಗುವ ಮೊದಲೇ ಬಿರುಕು ಬಿಟ್ಟಿದ್ದರೆ ಅಂಚು ಉರುಟಾಗಿರುತ್ತಿತ್ತು, ಇದು ಚೂಪಾಗಿದೆ, ತಣಿಯುವಾಗ ಸೀಳಿದ್ದು ಎಂದಳು. ತಣಿಸುವ ಲೆಕ್ಕ ಹಾಕಿದವಳು ನಾನೇ ಅಲ್ಲವಾ ಎಂದೂ ಹೇಳಿದಳು. ಅವನನ್ನು ಕೇಳಿದ್ದಲ್ಲ ಅದು, ತನಗೇ ಹೇಳಿಕೊಂಡದ್ದು.

ಆಮೇಲಿನ ದಿನಗಳು ಅವನಿಗೆ ಮುಳ್ಳಿನ ಮೇಲೆ ಕೂತ ಹಾಗಿದ್ದವು. ಅವಳು ಉಳಿದ ಗಾಜುಗಳಿಂದ ಪುಟ್ಟ ಪುಟ್ಟ ತುಂಡು ಕೂಡಿಸಿ ಕಾಯಿಸಿ ತಣಿಸಿ, ಬೆಳಕನ್ನು ಸೋಸುವ ಎರಡು ಕಪ್ಪು ಫಿಲ್ಮುಗಳ ನಡುವೆ ಇಟ್ಟು ಬೆಳಕಿಗೆ ಹಿಡಿಯುತ್ತಿದ್ದಳು. ಗಾಜಿನೊಳಗೆ ಎಳೆದಾಟವಿದ್ದರೆ ಅಲ್ಲಿ ಬೆಳ್ಳಗೆ ಕಾಣುತ್ತದೆ. ಕಾಣುತ್ತಿರಲಿಲ್ಲ. ಗಾಜು ಸರಿಯಿದೆ, ಹಾಗಾದರೆ ನಾನೇ ಸರಿಯಿಲ್ಲ ಎನ್ನುವಳು. ತಟ್ಟೆಯಲ್ಲಿ ಊಟ ಹಾಗೇ ಉಳಿಯುತ್ತಿತ್ತು. ಹೇಳಿಬಿಡಬೇಕೆಂದು ಅವನು ಪ್ರತಿ ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಆಮೇಲೆ ಇರ್ಲಿ ಬಿಡು ಎಂದು ಅವಳ ಬೆನ್ನು ಸವರಿ ಫ್ಯಾನಿನ ವಿಷಯವೋ ನೀರಿನ ಟ್ಯಾಂಕಿನ ವಿಷಯವೋ ಮಾತಾಡುತ್ತಿದ್ದ.

ಒಂದು ದಿನ ಅವಳು ಹಿಂದಿನ ಕೋಣೆಗೆ ಹೋಗಲಿಲ್ಲ. ಮದುವೆಯಾದ ಹೊಸದರಲ್ಲಿ ಕೂರುತ್ತಿದ್ದಂತೆ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಚೌಕಟ್ಟಿನ ಮರ ತೋರಿಸಿದಳು, ಗಿರಾಕಿಗಳ ಮಕ್ಕಳನ್ನು ಮಾತಾಡಿಸಿದಳು, ಅವನಿಗೂ ತನಗೂ ಚಹಾ ತರಿಸಿದಳು. ಟೈಲರ್ ಬಂದು ಹರಟಿದ. ಮೂವರೂ ಏನಕ್ಕೋ ನಕ್ಕರು. ಎಷ್ಟು ವರ್ಷವಾಗಿತ್ತು ಹೀಗೆ ಕೂತು ಎಂದು ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದು ಅರಿವಿಗೆ ಬಂದ ಕೂಡಲೇ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟ. ಆ ದಿನ ಮುಚ್ಚಳ ಎತ್ತಿದ ಕೈಗೆ ಇದೇ ಬೇಕಾಗಿತ್ತೇನೋ ಎಂಬ ಸಂಶಯ ಹೊಕ್ಕಿತು. ಅಲ್ಲ ಎಂದುಕೊಂಡ. ಅಲ್ಲವೆಂದು ಖಚಿತವಾಗಿ ಹೇಳಲು ಆಗಲಿಲ್ಲ.

ಮಧ್ಯಾಹ್ನ ಒಬ್ಬರು ಬಾಗಿಲ ಮೇಲಿನ ಕಂಡಿಗೆ ಬಣ್ಣದ ಗಾಜು ಇದೆಯಾ ಎಂದು ಕೇಳಿಕೊಂಡು ಬಂದರು. ಅವನು ಇಲ್ಲ ಎನ್ನುವಷ್ಟರಲ್ಲಿ ಅವಳು ಒಳಗೆ ಹೋಗಿ, ಕಾಗದ ಸುತ್ತಿ ಎತ್ತಿಟ್ಟಿದ್ದ ಕೆಂಪು ಹಾಳೆಯನ್ನು ತಂದು ಮೇಜಿನ ಮೇಲೆ ಮಲಗಿಸಿದಳು. ಆ ಕೆಂಪನ್ನು ತರಿಸಲು ಅವಳು ಪಟ್ಟ ಪಾಡು ಅವನಿಗೆ ಗೊತ್ತಿತ್ತು. ಗಿರಾಕಿ ಅಳತೆ ಬರೆಸಿ, ಆಮೇಲೆ ಬರುತ್ತೇನೆಂದು ಹೋದರು.

"ಕೊಯ್ದು ಕೊಡಿ," ಎಂದಳು. "ಡಾಕ್ಟರಮ್ಮಂಗೆ ಸಂಜೆ ಫೋನ್ ಮಾಡ್ತೀನಿ. ಬೇರೆ ಯಾರ ಹತ್ರಾನಾದ್ರೂ ಮಾಡಿಸ್ಕೊಳ್ಳಿ ಅಂತ. ಕಣ್ಣು ಬಂದವರ ಎದುರು ಇಡೋ ವಸ್ತು ಅದು, ಗೊತ್ತಿಲ್ದೆ ಮಾಡೋದಲ್ಲ."

ಅವನು ಅಳತೆಪಟ್ಟಿ ಇಟ್ಟ. ಗುರುತು ಹಾಕಿದ. ಕೆಂಪಿನೊಳಗೆ ಅವನ ಮುಖದ ನೆರಳು ಬಿದ್ದಿತ್ತು. ಕೈ ಮುಂದಕ್ಕೆ ಹೋಗಲಿಲ್ಲ.

"ಅದು ನಾನು," ಎಂದ.

"ಏನು?"

"ನೀನು ಊರಲ್ಲಿ ಇಲ್ದಾಗ ಮುಚ್ಚಳ ಎತ್ತಿದೆ. ಒಡೆದಿದ್ದು ನಾನು. ನಿನ್ನ ಲೆಕ್ಕ ಅಲ್ಲ."

ಬೀದಿಯಲ್ಲಿ ಗಾಡಿಯೊಂದು ಹಿಂದಕ್ಕೆ ತಿರುಗುತ್ತ ಬಹಳ ಹೊತ್ತು ಸದ್ದು ಮಾಡಿತು. "ಅಂಕಿ ಎಷ್ಟಿತ್ತು?" ಎಂದು ಕೇಳಿದಳು.

"ಇನ್ನೂರೆಪ್ಪತ್ತು."

"ಎಷ್ಟು ಎತ್ತಿದ್ರಿ?"

ಮೊದಲು ಒಂದು ಬೆರಳು, ಆಮೇಲೆ ಗೇಣು ಎಂದು ಕೈಯಲ್ಲೇ ತೋರಿಸಿದ. ಅವಳು ಅವನ ಕೈ ನೋಡಿದಳು, ಒಳಗಿನ ಕೋಣೆಯ ಕಡೆ ನೋಡಿದಳು, ತುಟಿ ಅಲುಗಿಸುತ್ತ ಏನೋ ಕೂಡಿ ಕಳೆದಳು. ಅವಳ ಮುಖದ ಬಿಗಿ ಸಡಿಲಿದ್ದನ್ನು ಅವನು ಕಣ್ಣಾರೆ ಕಂಡ. ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಅದನ್ನು ನೋಡುವುದೇ ಹೆಚ್ಚು ಕಷ್ಟವಾಯಿತು. "ಹಾಗಾದ್ರೆ ನಂದು ಸರಿಯಿತ್ತು," ಎಂದಳು ಮೆಲ್ಲಗೆ. ಅಷ್ಟೇ. ಕೆಂಪು ಹಾಳೆಗೆ ಮತ್ತೆ ಕಾಗದ ಸುತ್ತಿ ಒಳಗೆ ಒಯ್ದಳು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು, ಇನ್ನೊಮ್ಮೆ ಬಡಿಸಿಕೊಂಡಳು. ಅವನು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದ.

ಸಿಟ್ಟು ಬಂದದ್ದು ಮರುದಿನ ಬೆಳಿಗ್ಗೆ. ಹಲ್ಲುಜ್ಜುತ್ತಿದ್ದವಳು ಅರ್ಧಕ್ಕೆ ಬಿಟ್ಟು, ಬಾಯಲ್ಲಿ ನೊರೆ ಇರುವಂತೆಯೇ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. ಹೋಗಿ ಬಾಯಿ ತೊಳೆದು ಬಂದಳು.

"ಒಡೆದಿದ್ದಕ್ಕಲ್ಲ ನನಗೆ," ಎಂದಳು. "ನಾನೆಷ್ಟು ಒಡೆದಿಲ್ಲ. ದಿನಾ ಎದುರುಗಡೆ ಕೂತು, ನಾನು ಒದ್ದಾಡೋದನ್ನ ನೋಡ್ಕೊಂಡು, ಸಮಾಧಾನ ಮಾಡಿದ್ರಲ್ಲ ನೀವು. ಇರ್ಲಿ ಬಿಡು ಅಂತ ಬೆನ್ನು ಸವರಿದ್ರಲ್ಲ."

ಹೆದರಿದ್ದೆ ಎಂದ. ಅದು ನಿಜವೂ ಆಗಿತ್ತು.

"ಹೆದರಿಕೆ ಮೊದಲ್ನೇ ದಿನ ಇರುತ್ತೆ. ಆಮೇಲೆ ಏನಿತ್ತು?"

ಸ್ಟೂಲು, ಚಹಾ, ಟೈಲರನ ನಗು ಎಲ್ಲ ಕಣ್ಣ ಮುಂದೆ ಬಂತು. "ನೀನು ಮತ್ತೆ ಅಂಗಡೀಲಿ ಕೂತಿದ್ದು ಚೆನ್ನಾಗಿತ್ತು," ಎಂದ. ಹೇಳಿ ಮುಗಿಸಿದ ಮೇಲೆ ತಲೆ ಎತ್ತಲಿಲ್ಲ. ಅವಳ ಒದ್ದೆ ಪಾದಗಳಷ್ಟೇ ಕಾಣುತ್ತಿದ್ದವು. ಆಮೇಲೆ ಪಾದಗಳು ತಿರುಗಿ ಹೋದವು.

ಡಾಕ್ಟರಮ್ಮನಿಗೆ ಅವಳು ಫೋನು ಮಾಡಿದ್ದು ನಿಜ, ಆದರೆ ಕೇಳಿದ್ದು ಇನ್ನಷ್ಟು ಸಮಯ. ಕಿಟಕಿಯೇನೂ ಓಡಿಹೋಗುವುದಿಲ್ಲ, ನಿಧಾನವಾಗಿ ಮಾಡಿ ಎಂದರಂತೆ ಅವರು. ಆ ವಿಷಯವನ್ನು ಅವಳು ಹೇಳಿದ್ದು ಟೈಲರನಿಗೆ. ಕನ್ನಡಿಯಣ್ಣನಿಗೆ ತಿಳಿದದ್ದು ಟೈಲರನಿಂದ. ಹೊಸ ಹಾಳೆಗಳು ಬಂದ ದಿನ ಅವನು ಎಂದಿನಂತೆ ತನ್ನ ಮೇಜು ಒರೆಸಿ ಖಾಲಿ ಮಾಡಿದ. ಅವಳು ಹಾಳೆಗಳನ್ನು ಅವನ ಮೇಜಿನ ಪಕ್ಕದಿಂದಲೇ ಒಂದೊಂದಾಗಿ ಒಳಗೆ ಹೊತ್ತುಕೊಂಡು ಹೋದಳು. ಗೋಡೆಗೆ ನೇತುಹಾಕಿದ್ದ, ಗಾಜು ಕೊಯ್ಯುವ ಕಡ್ಡಿಗಳಲ್ಲಿ ಒಂದನ್ನು ಆರಿಸಿ ತೆಗೆದುಕೊಂಡಳು. ನಾನೇ ಕೊಯ್ಕೋತೀನಿ ಎಂದಳು, ಗೋಡೆಯ ಕಡೆ ಮುಖ ಮಾಡಿ.

ಒಳಗಿನಿಂದ ಸದ್ದು ಕೇಳಿಸತೊಡಗಿತು. ಕೆರೆತ, ನಿಲುಗಡೆ, ಮತ್ತೆ ಕೆರೆತ. ಒತ್ತಡ ಹೆಚ್ಚಾಯಿತು ಎಂದು ಅವನಿಗೆ ಕೂತಲ್ಲೇ ಗೊತ್ತಾಗುತ್ತಿತ್ತು, ಗೆರೆಯ ನಡುವೆ ಕೈ ಎತ್ತಿದಳು ಎಂಬುದೂ. ಇಕ್ಕಳ ಒತ್ತಿದ ಮೇಲೆ ಬರಬೇಕಾದ ಗಟ್ಟಿ ಸದ್ದಿನ ಬದಲು ಪುಡಿಪುಡಿಯಾಗಿ ಉದುರುವ ಸದ್ದು ಬಂತು. ಒಂದು ಸಲ, ಇನ್ನೊಂದು ಸಲ. ಅವನ ಹೆಗಲು ತಾನಾಗಿಯೇ ಆಡುತ್ತಿತ್ತು. ಕನ್ನಡಿ ಕೊಳ್ಳಲು ಬಂದ ಹುಡುಗಿ ಮುಖ ನೋಡಿಕೊಳ್ಳುತ್ತ ಇದು ಸ್ವಲ್ಪ ದಪ್ಪ ತೋರಿಸುತ್ತೆ ಅಲ್ವಾ ಎಂದಳು. ಅವನಿಗೆ ಕೇಳಿಸಲಿಲ್ಲ.

ಹುಡುಗಿ ಹೋದ ಮೇಲೆ ಹೆಂಡತಿ ಹೊರಗೆ ಬಂದಳು. ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ಕೊಯ್ಯುವ ಕಡ್ಡಿಯನ್ನು ಅವನೆದುರು ಮೇಜಿನ ಮೇಲೆ ಇಟ್ಟು, "ಇದರ ಎಣ್ಣೆ ಎಲ್ಲಿ?" ಎಂದಳು.

ಅವನು ಎದ್ದು ಶೀಶೆ ತಂದ. ಹಿಡಿಯ ತಿರುಪು ಬಿಚ್ಚಿ, ಒಂದು ಹನಿಯೂ ಚೆಲ್ಲದಂತೆ ಒಳಗೆ ಎಣ್ಣೆ ಇಳಿಸಿದ. ತುದಿಯಲ್ಲಿ ಗೆರೆ ಎಳೆಯುವ ಪುಟ್ಟ ಚಕ್ರ ಒದ್ದೆಯಾಯಿತೇ ಎಂದು ಉಗುರಿನ ಮೇಲೆ ಉರುಳಿಸಿ ನೋಡಿದ. ಬೆರಳು ತೋರಿಸು ಎನ್ನಬೇಕೆನಿಸಿತು, ಕೈ ಎತ್ತದೆ ಎಳೆ ಎನ್ನಬೇಕೆನಿಸಿತು. ಕಡ್ಡಿಯನ್ನು ಒರೆಸಿ ಅವಳತ್ತ ಹಿಡಿದ. ಅವಳು ತೆಗೆದುಕೊಂಡು ಒಳಗೆ ಹೋದಳು.

ಅವನು ಶೀಶೆಯ ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಒಳಗೆ ಹಾಳೆಯೊಂದನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ, ರೇಷ್ಮೆ ಹರಿದಂತೆ, ಗೆರೆ ಒಂದೇ ಉಸಿರಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಯಿತು.