ಹೊಳೆ ದಂಡೆಯ ಚುಕ್ಕೆ

ಚಳಿ ಆಗಷ್ಟೇ ಕಾಲಿಡುತ್ತಿತ್ತು. ಮನೆಮನೆಯಲ್ಲೂ ಹಾಲು ಕಾಯಿಸುವ ಹೊತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು, ನಕ್ಷೆಯವನು ಮೊದಲ ಸಲ ಕೆಲಸ ಕೇಳಲು ಬೀದಿಗಿಳಿದದ್ದು ಆಗ.

ಫೋನಿನಲ್ಲೋ ಕಂಪ್ಯೂಟರಿನಲ್ಲೋ ತೆರೆದು ಬೆರಳಿಂದ ಸರಿಸಿ ನೋಡುವ ನಕ್ಷೆಗಳನ್ನು ಕಟ್ಟುವುದು ಅವನ ಕಸುಬು. ದುಡಿಯುತ್ತಿದ್ದ ಕಂಪನಿ ಬಾಗಿಲು ಹಾಕಿಕೊಂಡಿತ್ತು. ನರ್ಸಾಗಿದ್ದ ಹೆಂಡತಿಗೆ ದೂರದ ಹೊಳೆ ದಂಡೆಯ ಊರಿನ ಆಸ್ಪತ್ರೆಗೆ ವರ್ಗವಾಗಿತ್ತು. ಬೇರೊಂದು ಕಂಪನಿಯವರು ಅವನನ್ನು ಕರೆದಿದ್ದರು, ನಿಜ. ಆದರೆ ಅವರ ಆಫೀಸು ಮೂರನೆಯದೊಂದು ಊರಿನಲ್ಲಿ, ಅವಳಿಂದ ಇನ್ನೂ ದೂರ. ತಿಂಗಳು ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಅನ್ನಬೇಕಿತ್ತು. ಸ್ವಂತಕ್ಕೆ ಗಿರಾಕಿಗಳು ಸಿಕ್ಕಿದರೆ ಅವಳ ಅಡುಗೆಮನೆಯ ಮೂಲೆಯಲ್ಲೇ ಮೇಜು ಹಾಕಿಕೊಂಡು ಕೂರಬಹುದು. ಅವನಿಗೆ ಬೇಕಿದ್ದದ್ದು ಅಷ್ಟೇ.

ಆ ದಿನದವರೆಗೆ ಅವನು ದೊಡ್ಡಮ್ಮನ ಮನೆಯ ಕೋಣೆಯಲ್ಲಿ ಕೂತು, ಮುಖ ಕಾಣದವರಿಗೆಲ್ಲ ಮೆಸೇಜು ಕಳಿಸುತ್ತಿದ್ದ. ಉತ್ತರ ಬರುತ್ತಿರಲಿಲ್ಲ.

"ಗಾಳ ಹಾಕ್ಕೊಂಡು ಕೂತಿದೀಯಲ್ಲೋ, ಅಲ್ಲಿ ನೀರಿದೆಯಾ ಅಂತಾದ್ರೂ ನೋಡಿದ್ಯಾ?" ಅಂದಿದ್ದಳು ದೊಡ್ಡಮ್ಮ. "ಬೀದಿ ಕೊನೆ ಲಾಂಡ್ರಿ ವ್ಯಾನಿನವರು ದಿನಾ ನನ್ನ ಹತ್ರ ದಾರಿ ಕೇಳ್ತಾರೆ. ಅವರಿಗೆ ನಾನೇ ಮ್ಯಾಪು. ಹೋಗು, ಆ ಕೆಲಸ ನೀನು ತಗೋ. ನನ್ನ ಗಂಟಲಾದ್ರೂ ಉಳೀಲಿ."

ಲಾಂಡ್ರಿಯವರು ಹೋಟೆಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವವರು. ಒಳಗೆ ಹಬೆ ತುಂಬಿಕೊಂಡಿತ್ತು. ಇಬ್ಬರು ಹೆಂಗಸರು ಉದ್ದನೆಯ ಚಾದರವನ್ನು ಆ ತುದಿ ಈ ತುದಿ ಹಿಡಿದು ಮಡಿಸುತ್ತಿದ್ದರು. ಕನ್ನಡಕವನ್ನು ತಲೆಗೇರಿಸಿಕೊಂಡಿದ್ದ ಒಡತಿಯನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು.

ನಕ್ಷೆಯವನು ಲ್ಯಾಪ್‌ಟಾಪ್ ತೆರೆದ. ಕೆಲಸ ಕೇಳುವ ಮೊದಲೇ ಗಿರಾಕಿಯ ಜಾಗಗಳನ್ನೆಲ್ಲ ಹಾಕಿ ಮಾದರಿ ನಕ್ಷೆಯೊಂದನ್ನು ಮಾಡಿಕೊಳ್ಳುವುದು ಅವನ ಪದ್ಧತಿ; ಮೆಸೇಜುಗಳ ಜೊತೆಗೂ ಅಂಥದ್ದನ್ನೇ ಕಳಿಸುತ್ತಿದ್ದ. ಪರದೆಯ ಮೇಲೆ ಒಂದು ಹೊಳೆ ತಿರುವು ಹಾಕಿಕೊಂಡು ಹರಿಯಿತು. ಪಕ್ಕದಲ್ಲೊಂದು ಆಸ್ಪತ್ರೆ.

"ಇದ್ಯಾವೂರಪ್ಪಾ? ನಮ್ಮೂರಿಗೆ ಹೊಳೆ ಯಾವಾಗ ಬಂತು?"

"ಬರ್ಲಿ ಬಿಡಕ್ಕ, ಟ್ಯಾಂಕರಿಗೆ ಕಾಯೋದು ತಪ್ಪುತ್ತೆ" ಅಂದಳು ಚಾದರ ಹಿಡಿದಿದ್ದವಳು. ಇನ್ನೊಬ್ಬಳು ಕಿಸಕ್ಕನೆ ನಕ್ಕಳು.

ಅವನ ಕಿವಿ ಬಿಸಿಯಾಯಿತು. ಪ್ರತಿ ನಕ್ಷೆಗೂ ಯಾವ ಜಾಗದಲ್ಲಿ ತೆರೆದುಕೊಳ್ಳಬೇಕೆಂದು ಮೊದಲೇ ಹೇಳಿಡಬೇಕು. ಅವನು ಮೊದಲು ಕಟ್ಟಿದ್ದು ತನಗಾಗಿ, ಹೆಂಡತಿ ಈಗಿರುವ ಊರಿನದು. ಆಮೇಲಿನವೆಲ್ಲ ಅದರ ಮೇಲೇ ಕಟ್ಟಿದವು. ಶುರುವಾಗುವ ಜಾಗ ಬದಲಿಸುವುದು ಮರೆತೇಹೋಗಿತ್ತು.

"ತಪ್ಪಾಯ್ತು ಮೇಡಂ" ಎಂದು ನಕ್ಷೆ ಸರಿಸಲು ಹೋದ.

"ತಡಿ ತಡಿ. ಈ ಚುಕ್ಕೆಗಳೇನು?"

"ಇದು ಹಿಂದಿನ ಗೇಟು. ಮುಂದಿನದು ಬೆಳಗ್ಗೆ ಬೇಗ ತೆಗೆಯಲ್ಲ. ಇದು ದೊಡ್ಡ ಲಿಫ್ಟು, ಸ್ಟ್ರೆಚರ್ ಹಿಡಿಯುತ್ತೆ. ಇದು... ಬೆಂಚು."

"ಬೆಂಚಲ್ಲೇನಿದೆ?"

"ನಮ್ಮನೆಯವಳು ಫೋನ್ ಮಾಡೋದು ಅಲ್ಲಿ ಕೂತು."

ಚಾದರ ಮಡಿಸುವವರ ಕೈ ನಿಂತಿತು. ಆ ಊರನ್ನು ಅವನು ಕಣ್ಣಾರೆ ಕಂಡವನಲ್ಲ. ಅವಳು ಫೋನಿನಲ್ಲಿ ಹೇಳಿದ್ದನ್ನೆಲ್ಲ ಒಂದೊಂದು ಚುಕ್ಕೆ ಮಾಡಿಡುತ್ತಿದ್ದ, ಅವಳ ಹಿಂದೆಯೇ ನಡೆದಾಡಿದ ಹಾಗಾಗಲೆಂದು.

ಅಕ್ಕ ಕನ್ನಡಕ ಇಳಿಸಿಕೊಂಡು ಲಾಂಡ್ರಿಯ ನಕ್ಷೆಯನ್ನೂ ನೋಡಿದಳು. "ಇದು ಬೇಡ. ಬೀದಿ ಹೇಗೋ ಸಿಗುತ್ತೆ, ಬಾಗಿಲು ಸಿಗಲ್ಲ. ಕೊಳೆ ಬಟ್ಟೆ ಗಂಟು ಹೊತ್ಕೊಂಡು ಹೋಟೆಲ್ ಮುಂಬಾಗಿಲಿಗೆ ಹೋದ್ರೆ ಸುಮ್ನೆ ಬಿಡ್ತಾರಾ? ಹೆಂಡತಿಗೆ ಮಾಡಿದೀಯಲ್ಲ, ಅಂಥದ್ದು ಮಾಡ್ಕೊಡು."

"ಖಂಡಿತ ಮೇಡಂ. ಅವಳ ಊರಿಗೆ ಹೋಗಿ, ಅಲ್ಲಿಂದಲೇ..."

"ಅಲ್ಲಿಂದ ಹೇಗಪ್ಪಾ? ಈ ಊರಿನ ಹಿಂಬಾಗಿಲೆಲ್ಲ ಫೋನಲ್ಲಿ ಹೇಳೋಕೆ ಇಲ್ಲಿ ನಿಂಗ್ಯಾವ ಹೆಂಡತಿ ಇದಾಳೆ? ವ್ಯಾನಲ್ಲಿ ಕೂತು ನೀನೇ ನೋಡ್ಕೊಂಡು ಬರ್ಬೇಕು. ಬೇಸಿಗೆವರೆಗೂ ಹಿಡಿಯುತ್ತೆ. ಆಮೇಲೆ ಎಲ್ಲಿ ಬೇಕಾದ್ರೂ ಕೂತ್ಕೋ."

ಅವನು ಅವತ್ತೇ ತನ್ನನ್ನು ಕರೆದಿದ್ದ ಕಂಪನಿಗೆ ಉಹೂಂ ಅಂದ. ಸಂಜೆ ಬೆಂಚಿನಿಂದ ಫೋನು ಬಂದಾಗ ಎಲ್ಲ ಹೇಳಿದ.

"ಬೇಸಿಗೆ ಬರದೇ ಎಲ್ಲಿಗೆ ಹೋಗುತ್ತೆ, ಬಿಡು" ಅಂದಳು.

ಚಳಿ ಜೋರಾದ ಮೇಲೆ ಅವಳೇ ಒಂದು ಶನಿವಾರ ಬಂದಳು. "ನೋಡಮ್ಮ, ನಿನ್ನ ಗಂಡ ನನ್ನ ಕೆಲಸ ಕಿತ್ಕೊಂಡ. ಈಗ ಯಾರೂ ದಾರಿ ಕೇಳೋಕೆ ಬರಲ್ಲ" ಎಂದು ದೊಡ್ಡಮ್ಮ ದೂರು ಹೇಳಿದಳು.

ಹೆಂಡತಿ ಅವನ ಲ್ಯಾಪ್‌ಟಾಪ್ ತೆರೆದಳು. ಹೊಳೆ ಇರಲಿಲ್ಲ. ನಕ್ಷೆ ಲಾಂಡ್ರಿಯ ಬಾಗಿಲಲ್ಲಿ ತೆರೆದುಕೊಂಡಿತು. ಸುತ್ತಲೂ ಹೋಟೆಲುಗಳ ಹಿಂಬಾಗಿಲುಗಳು.

"ನಾನೆಲ್ಲಿದೀನಿ?"

"ಗಿರಾಕಿಯ ನಕ್ಷೆ ಕಣೇ. ನಿಮ್ಮ ಆಸ್ಪತ್ರೆದು ತೆಗೆದೆ."

ಅವಳು ಪರದೆಯ ಮೇಲೆ ಬೆರಳಿಟ್ಟು ಎಳೆಯತೊಡಗಿದಳು. ಊರು ಮುಗಿಯಿತು, ರಸ್ತೆಗಳು ತೆಳ್ಳಗಾದವು, ಬರೀ ಬಯಲು ಸರಿಯಿತು. ಕೊನೆಗೆ ಹೊಳೆಯ ತಿರುವು ಬಂತು. ಗೇಟು ಇರಲಿಲ್ಲ, ಲಿಫ್ಟೂ ಇರಲಿಲ್ಲ. ಬೆಂಚಿನ ಚುಕ್ಕೆಯೊಂದೇ ಉಳಿದಿತ್ತು.

"ಇದನ್ನ ತೆಗೆಯೋಕೆ ಮರೆತ್ಯಾ?"

"ಅದು ಮರೆತದ್ದಲ್ಲ."

"ಎಷ್ಟು ಎಳೀಬೇಕೋ ಇಲ್ಲಿಗೆ ಬರೋಕೆ" ಅಂದಳು ಅವಳು. ಬೆರಳು ಚುಕ್ಕೆಯ ಮೇಲೇ ಇತ್ತು.

ಭಾನುವಾರ ಸಂಜೆಯೇ ಹೋಗಬೇಕಿದ್ದವಳು ಅವತ್ತು ಉಳಿದುಕೊಂಡಳು. ಸೋಮವಾರ ಬೆಳಕು ಹರಿಯುವಾಗ ಲಾಂಡ್ರಿಯ ವ್ಯಾನು ಬಾಗಿಲಲ್ಲಿ ನಿಂತು ಅವನಿಗಾಗಿ ಹಾರನ್ ಹೊಡೆಯುತ್ತಿತ್ತು. ಅದನ್ನು ಕಾಯಿಸಿ, ಬಸ್ಸಿನವರೆಗೂ ಅವನು ಅವಳ ಚೀಲ ಹಿಡಿದುಕೊಂಡು ಹೋದ. ಮಂಜು ಕರಗುವ ಮೊದಲೇ ಅವಳು ಹೊರಟಳು.