ಮೆತ್ತಗಾದ ಹುಡುಗಿ

ಸಂಜೆಯ ಇಂಗ್ಲಿಷ್ ಕ್ಲಾಸಿನಲ್ಲಿ ಅವತ್ತು ‘ಕಮ್ ರೌಂಡ್’ ಎಂಬ ಮಾತು ಬಂತು. ಮೊದಲು ಒಲ್ಲೆ ಎಂದವರು ಆಮೇಲೆ ತಾವಾಗಿಯೇ ಮನಸ್ಸು ತೆರೆದು ಒಪ್ಪಿಕೊಂಡರೆ ಹಾಗೆನ್ನುತ್ತಾರೆ ಎಂದರು ಟೀಚರು. ಒಂದು ವಾಕ್ಯ ಮಾಡು ಎಂದಾಗ ಶ್ವೇತಾ, “ಮೈ ಫಾದರ್ ವಿಲ್ ಕಮ್ ರೌಂಡ್” ಎಂದಳು. ಅವಳ ಅಪ್ಪನನ್ನು ಬಲ್ಲವರು ಅಲ್ಲಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಪ್ಪ ಪರಮಣ್ಣ ಬಾದಾಮಿ ಕಡೆಯಿಂದ ವಲಸೆ ಬಂದು ಇಲ್ಲಿನ ಬಂದರಿನಲ್ಲಿ ಹಮಾಲನಾದವನು, ಹಿಡಿದ ಹಟ ಬಿಡುವವನಲ್ಲ. ಶ್ವೇತಾ ತೊಟ್ಟಿಲಲ್ಲಿದ್ದಾಗಲೇ ಅವಳು ಸೋದರಮಾವ ಮುತ್ತುವಿಗೆ ಎಂದು ಮಾತಾಗಿತ್ತು. ಮುತ್ತು ಕೆಟ್ಟವನೇನಲ್ಲ, ಬಾದಾಮಿಯಲ್ಲೇ ಟಂಟಂ ಗಾಡಿ ಓಡಿಸಿಕೊಂಡು ತಣ್ಣಗಿದ್ದವನು. ಆದರೆ ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ ಮಾವನನ್ನು ಗಂಡ ಎನ್ನಲು ಶ್ವೇತಾಗೆ ಸುತರಾಂ ಮನಸ್ಸಿರಲಿಲ್ಲ. ಕೊರ್ಲಿಮ್ ಎಂಬಲ್ಲಿನ ಫ್ಯಾಕ್ಟರಿಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು, ಮದುವೆಯಾಗಿ ಊರಿಗೆ ಹೋಗಲು ಅದನ್ನೂ ಬಿಡಬೇಕಂತೆ!

ಕ್ಲಾಸಿನಿಂದ ಮನೆಗೆ ಬಂದವಳು, ರೊಟ್ಟಿ ಬಡಿಯುತ್ತಿದ್ದ ಅವ್ವ ಯಲ್ಲವ್ವನಿಗೆ ಹೊಸ ಮಾತು ಹೇಳಿದಳು.

“ಅದಕ್ಕ ನಾವು ಹಾದಿಗೆ ಬರೋದು ಅಂತೀವಿ” ಎಂದಳು ಯಲ್ಲವ್ವ. “ನಿಮ್ಮಪ್ಪನೂ ನನಗ ಸೋದರಮಾವನ ಅಲ್ಲೇನ? ನಾನೂ ಒಲ್ಲೆ ಅಂದಿದ್ದೆ. ಹಾದಿಗೆ ಬರಲಿಲ್ಲೇನ?”

“ನೀನಾಗೇ ಬಂದ್ಯೋ, ಬಡದು ತಂದ್ರೋ? ಬಡದು ತಂದ್ರ ಅದಕ್ಕ ಈ ಮಾತು ಅನ್ನಂಗಿಲ್ಲವ್ವ.”

ಯಲ್ಲವ್ವ ಹಿಟ್ಟು ನಾದುತ್ತಲೇ ಇದ್ದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಅಂದಿನಿಂದ ಶ್ವೇತಾ ಜಗಳ ಬಿಟ್ಟಳು. ಎಷ್ಟು ಬಾರಿ ಹೇಳಿದರೂ ಗೋಡೆಗೆ ಹೇಳಿದಂತಾಗುತ್ತಿತ್ತು, ಅವಳಿಗೆ ಸಾಕಾಗಿತ್ತು. ಈ ಜನರದ್ದೋ ವಿಚಿತ್ರ ಲೆಕ್ಕ. ಅಳುವ ಹುಡುಗಿ ಒಲ್ಲೆ ಎನ್ನುತ್ತಾಳೆ, ಸುಮ್ಮನಿರುವ ಹುಡುಗಿ ಒಪ್ಪಿದ್ದಾಳೆ. “ಮೆತ್ತಗಾಗ್ಯಾಳ” ಎಂದು ಪರಮಣ್ಣ ಹಿಗ್ಗಿ, ಅವಳನ್ನು ಒಂದು ಮಾತೂ ಕೇಳದೆ ಊರಿಗೆ ಫೋನು ಹಚ್ಚಿದ.

ಭಾನುವಾರ ಮುತ್ತು ಬಂದಿಳಿದ. ಮಂಗೋರ್ ಹಿಲ್ಲಿನ ಅವರ ಒಂದೇ ಖೋಲಿಯ ಮನೆಯಲ್ಲಿ ನೆರೆಹೊರೆಯವರೆಲ್ಲ ತುಂಬಿಕೊಂಡರು. ಶ್ವೇತಾಗೆ ಸೀರೆ ಉಡಿಸಿ ಚಾಪೆಯ ಮೇಲೆ ಕೂರಿಸಿದರು. ಯಲ್ಲವ್ವ ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಇಟ್ಟ ತಾಟು ಹಿಡಿದು ಮುಂದೆ ಬಾಗಿದಳು. ಅದನ್ನು ಸೆರಗಿಗೆ ಸುರಿದು ಉಡಿ ತುಂಬಿದರೆ ಮುಗಿಯಿತು, ಹುಡುಗಿ ಮುತ್ತುವಿನವಳು.

“ಸೆರಗು ಒಡ್ಡವಾ” ಎಂದಳು.

ಶ್ವೇತಾ ಎದ್ದು ನಿಂತಳು. ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ನೀರು ಹೊರಲು, ನೆಲ ಸಾರಿಸಲು ಸಿಕ್ಕಿಸಿಕೊಳ್ಳುತ್ತಾರಲ್ಲ, ಥೇಟ್ ಹಾಗೆ.

“ಮಾವಾ, ನೀ ಚಲೋ ಮನಷ್ಯಾ. ಆದ್ರ ನಾ ನಿನ್ನ ಮದಿವಿ ಆಗಂಗಿಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ.”

ಮುತ್ತು ತಲೆ ತಗ್ಗಿಸಿದ. ಹೆಂಗಸರು ಗುಸುಗುಸು ಶುರುಮಾಡಿದರು. ಉಡಿ ತುಂಬದೆ ತಾಟನ್ನು ಕೆಳಗಿಡಬಾರದು, ಅಪಶಕುನ. ಯಲ್ಲವ್ವ ಅದನ್ನು ಹಿಡಿದೇ ನಿಂತಳು.

“ಕೈ ಸೋಲಾಕತ್ತಾವು. ನನ್ನ ಸಲುವಾಗಿಯಾದರೂ ಒಡ್ಡ, ನನ್ನವ್ವಾ.”

ಅಪ್ಪನ ಸಿಟ್ಟಿಗೆ ಶ್ವೇತಾ ಎಂದೂ ಅಂಜಿರಲಿಲ್ಲ, ಅಂಜಿದ್ದು ಅವ್ವನ ಈ ದನಿಗೇ. ಎರಡೂ ಕೈ ಚಾಚಿ ತಾಟಿನ ಅಂಚು ಹಿಡಿದುಕೊಂಡಳು.

“ಭಾರ ಬೇಕಾದ್ರ ನಾ ಹೊರತೀನಿ. ಉಡಿ ಒಡ್ಡಂಗಿಲ್ಲ.”

ತಾಟು ತೆಗೆದುಕೊಂಡು ನೆಲದ ಮೇಲೆ ಇಟ್ಟೇಬಿಟ್ಟಳು.

“ನನ್ನ ಮಾನಾ ಕಳದ್ಯಲ್ಲ!” ಪರಮಣ್ಣ ಕೈ ಎತ್ತಿಕೊಂಡು ನುಗ್ಗಿದ. ಶ್ವೇತಾ ಹಿಂದೆ ಸರಿಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಆದರೆ ಏಟು ಬೀಳಲಿಲ್ಲ. ನಡುವೆ ಯಲ್ಲವ್ವ ಬಂದು ನಿಂತಿದ್ದಳು. ಲಗ್ನವಾದಾಗಿನಿಂದ ಗಂಡನ ಮುಖಕ್ಕೆ ಮುಖ ಕೊಟ್ಟು ಮಾತಾಡದ ಹೆಂಗಸು, ಎತ್ತಿದ ಅವನ ಕೈಯನ್ನು ಹಿಡಿದುಕೊಂಡಳು.

“ಅವತ್ತು ನನ್ನ ಮಾತು ಯಾರೂ ಕೇಳಲಿಲ್ಲ” ಎಂದಳು. “ಇಕಿದು ಕೇಳ್ರಿ.”